ಖಜಾನೆಯ ಜೋಡಿ ಬೀಗ ಮತ್ತು ಮರೆತುಹೋದ ಪಾಸ್‌ವರ್ಡ್

ನಮ್ಮ ಕುಂದಾಪುರವು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಸರಕಾರದ ಖಜಾನೆಗಳು ಜೋಡಿ ಬೀಗದ ಪದ್ಧತಿಯ ಮೇಲೆ ನಡೆಯುತ್ತಿದ್ದವು. ಭದ್ರಕೋಣೆಗೆ ಎರಡು ಬೇರೆ ಬೇರೆ ಬೀಗ. ಒಂದರ ಕೈ ಅಧಿಕಾರಿಯ ಬಳಿ, ಇನ್ನೊಂದರದು ನಗದು ನೋಡಿಕೊಳ್ಳುವವನ ಬಳಿ. ಇಬ್ಬರೂ ಬಂದು ನಿಲ್ಲದೆ ಬಾಗಿಲು ತೆರೆಯದು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ನಾವು ಮೈಸೂರು ರಾಜ್ಯಕ್ಕೆ ಬಂದ ಮೇಲೂ ಆ ಪದ್ಧತಿ ಉಳಿಯಿತು. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಗಳ ಕಟ್ಟುಗಳು ಪರೀಕ್ಷೆಯ ಮುಂಜಾನೆ ಖಜಾನೆಯಿಂದ ಹೊರಡುತ್ತಿದ್ದುದನ್ನು ನನ್ನ ಸಹೋದ್ಯೋಗಿಗಳೆಲ್ಲ ಬಲ್ಲರು. ಬ್ಯಾಂಕುಗಳದೂ ಇದೇ ಕ್ರಮ. ಅಲ್ಲಿ ಇನ್ನೊಂದು ಜಾಣ್ಮೆಯೂ ಇದೆ. ತಿಜೋರಿಯ ಎರಡನೆಯ ಜೊತೆ ಕೈಗಳನ್ನು ಮೊಹರು ಮಾಡಿ ಬೇರೆ ಶಾಖೆಯಲ್ಲಿಯೋ ಬೇರೆ ಬ್ಯಾಂಕಿನಲ್ಲಿಯೋ ಇಡುತ್ತಾರೆ.

ಇದನ್ನೆಲ್ಲ ಬರೆಯಲು ಕಾರಣ, ಊರಿನ ಒಂದು ಸಂಘದ ಲೆಕ್ಕಪತ್ರ ನೋಡುವ ಹಳೆಯ ಶಿಷ್ಯನ ಪತ್ರ. ಕಂಪ್ಯೂಟರಿನ ಪಾಸ್‌ವರ್ಡ್ ಮರೆತಾಗ ಪ್ರತಿಯೊಬ್ಬರೂ ತಾವೇ ಮೊಬೈಲಿಗೆ ಒಟಿಪಿ ತರಿಸಿಕೊಂಡು ಹೊಸತನ್ನು ಮಾಡಿಕೊಳ್ಳುವ ಏರ್ಪಾಡು ಒಳ್ಳೆಯದೋ, ಎಲ್ಲರ ಪಾಸ್‌ವರ್ಡುಗಳನ್ನೂ ಒಂದೇ ಭದ್ರ ಪೆಟ್ಟಿಗೆಯಲ್ಲಿಟ್ಟು ಹಂಚಿಕೊಳ್ಳುವ ತಂತ್ರಾಂಶ ಒಳ್ಳೆಯದೋ ಎಂದು ಅವನು ಕೇಳಿದ್ದಾನೆ. “ಮಾಷ್ಟ್ರೆ, ನೀವು ಹಳೆಯ ಕಾಲದವರಾದರೂ ಹೇಳಿ” ಎಂಬ ಒಕ್ಕಣೆ ಬೇರೆ! ಹಳೆಯ ಕಾಲದವನಾದುದರಿಂದಲೇ ಹೇಳುತ್ತೇನೆ.

ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1961ರ ಸುಮಾರಿಗೆ, ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆಯನ್ನು ಫರ್ನಾಂಡೊ ಕಾರ್ಬಾಟೊ ಅವರ ತಂಡ ರೂಪಿಸಿದಾಗ, ಒಬ್ಬರ ಕಡತ ಇನ್ನೊಬ್ಬರಿಗೆ ಸಿಗದಿರಲೆಂದು ಹೀಗೆ ಮಾಡಿದರು. ಮರುವರ್ಷವೇ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ತನಗೆ ಕೊಟ್ಟ ಯಂತ್ರಸಮಯ ಸಾಲದೆ, ಪಾಸ್‌ವರ್ಡುಗಳ ಇಡೀ ಪಟ್ಟಿಯನ್ನೇ ಮುದ್ರಿಸಿಕೊಂಡ. ಎಲ್ಲವನ್ನೂ ಇದ್ದಹಾಗೆಯೇ ಒಂದು ಕಡೆ ಬರೆದಿಟ್ಟರೆ ಆಗುವುದು ಇದೇ. ಮುಂದೆ ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮೊದಲಾದವರು ಪಾಸ್‌ವರ್ಡನ್ನು ಹಿಂದಕ್ಕೆ ಬಿಡಿಸಲಾಗದ ಗಣಿತರೂಪಕ್ಕೆ ತಿರುಗಿಸಿ ಇಡುವ ಕ್ರಮವನ್ನು ಬೆಳೆಸಿದರು. ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಅದನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಹೀಗೆ ಇಟ್ಟಲ್ಲಿ, ಮರೆತ ಪಾಸ್‌ವರ್ಡನ್ನು ಯಂತ್ರ ನೋಡಿಕೊಳ್ಳುವವನೂ ತಿಳಿಸಲಾರ. ಹಳೆಯದನ್ನು ಕಿತ್ತು ಹೊಸ ಬೀಗ ಹಾಕಬಲ್ಲ, ಅಷ್ಟೆ. ಬಡಗಿ ಬಂದು ಬೀಗ ಬದಲಿಸಿದಂತೆ.

ಪ್ರಶ್ನೆ ಇರುವುದು, ಬಡಗಿಯನ್ನು ಕರೆದವನು ಮನೆಯ ಯಜಮಾನನೇ ಎಂದು ತಿಳಿಯುವುದು ಹೇಗೆ ಎಂಬುದರಲ್ಲಿ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಹುದ್ದೆಯ ಅಭ್ಯರ್ಥಿ ಸಾರಾ ಪೇಲಿನ್ ಅವರ ಯಾಹೂ ಅಂಚೆಯನ್ನು ಕಾಲೇಜು ವಿದ್ಯಾರ್ಥಿಯೊಬ್ಬ ಹೀಗೆಯೇ ತೆರೆದ. ಕೇಳಿದ್ದು ಜನ್ಮದಿನಾಂಕ, ಪಿನ್‌ಕೋಡ್, ಗಂಡನನ್ನು ಮೊದಲು ಕಂಡ ಸ್ಥಳ. ಎಲ್ಲಕ್ಕೂ ಉತ್ತರ ಅಂತರ್ಜಾಲದಲ್ಲೇ ಸಿಕ್ಕಿತು. ನಮ್ಮೂರಿನಲ್ಲಾದರೆ ಅಂತರ್ಜಾಲವೂ ಬೇಡ. ನೀವು ಓದಿದ ಮೊದಲ ಶಾಲೆ ಊರಿಗೇ ಗೊತ್ತು. ನಿಮ್ಮ ಜನ್ಮದಿನಾಂಕಗಳು ಶಾಲೆಯ ದಾಖಲಾತಿ ಪುಸ್ತಕದಲ್ಲಿವೆ. ಅವುಗಳಲ್ಲಿ ಎಷ್ಟನ್ನು ನಿಮ್ಮ ತಂದೆತಾಯಿ ಹೇಳಿದರು, ಎಷ್ಟನ್ನು ಜೂನ್ ತಿಂಗಳ ಅಂದಾಜಿನಲ್ಲಿ ಮಾಷ್ಟ್ರುಗಳೇ ಬರೆದರು ಎಂಬುದನ್ನು ಇಲ್ಲಿ ಹೇಳಲಾರೆ.

ಒಟಿಪಿ ಬಂದ ಮೇಲೆ ಪ್ರಶ್ನೆಗಳ ಕಾಟ ತಪ್ಪಿತು, ನಿಜ. ಆದರೆ ನಮ್ಮ ಕಡೆಯ ಸಂಸಾರಗಳ ಸ್ಥಿತಿ ನೋಡಿ. ಮಕ್ಕಳು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ದುಬೈಯಲ್ಲೋ. ಅಪ್ಪಯ್ಯನ ಪಿಂಚಣಿ ಖಾತೆಗೆ ಕೊಟ್ಟಿರುವುದು ಮಗನ ಮೊಬೈಲ್ ಸಂಖ್ಯೆ. ತಾನೇ ಬದಲಿಸಿಕೊಳ್ಳುವ ಅಧಿಕಾರ ಕಾಗದದ ಮೇಲೆ ಅಪ್ಪಯ್ಯನದು, ಕೈಯಲ್ಲಿ ಮಗನದು. ಮಗ ಒಳ್ಳೆಯವನಾದರೂ ಅವನು ನಿದ್ದೆಯಲ್ಲಿರುವ ಹೊತ್ತಿನಲ್ಲಿ ಇಲ್ಲಿ ಆಸ್ಪತ್ರೆಗೆ ಹಣ ಕಟ್ಟಬೇಕಾದೀತು.

ಹಾಗೆಂದು ಹಂಚಿಕೊಳ್ಳುವ ಪೆಟ್ಟಿಗೆ ನಿರಪಾಯವೇನಲ್ಲ. ಬ್ರೂಸ್ ಷ್ನಾಯರ್ 1997ರಲ್ಲಿ ಬಿಡುಗಡೆ ಮಾಡಿದ ‘ಪಾಸ್‌ವರ್ಡ್ ಸೇಫ್’ ಮೊದಲಾಗಿ ಇಂಥ ತಂತ್ರಾಂಶಗಳು ಹಲವು ಬಂದಿವೆ. 2022ರಲ್ಲಿ ‘ಲಾಸ್ಟ್‌ಪಾಸ್’ ಸಂಸ್ಥೆಯಿಂದ ಗ್ರಾಹಕರ ಗೂಢಲಿಪಿಯ ಪೆಟ್ಟಿಗೆಗಳ ಪ್ರತಿಗಳೇ ಕಳುವಾದವು. ಮುಖ್ಯ ಪಾಸ್‌ವರ್ಡ್ ದುರ್ಬಲವಾಗಿದ್ದವರಿಗೆ ಅದು ದೊಡ್ಡ ಅಪಾಯ.

ನಮ್ಮ ರಾಜ್ಯ ಒಮ್ಮೆ ಮೂರನೆಯ ದಾರಿ ಹಿಡಿದದ್ದನ್ನು ಇಲ್ಲಿ ನೆನೆಯಬೇಕು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿದ ‘ಭೂಮಿ’ ಯೋಜನೆಯಲ್ಲಿ, 2000ದ ದಶಕದ ಆರಂಭದಲ್ಲಿಯೇ, ತಾಲ್ಲೂಕು ಕಚೇರಿಯ ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಹೋಗುವ ಏರ್ಪಾಡಿತ್ತು. ಪಾಸ್‌ವರ್ಡನ್ನು ಪಕ್ಕದ ಮೇಜಿನವನಿಗೆ ಹೇಳಿಬಿಡಬಹುದು, ಬೆರಳನ್ನು ಕೊಡಲಾಗದು. ಪಹಣಿಯಲ್ಲಿ ಒಂದು ಹೆಸರು ಬದಲಾದರೆ ಗದ್ದೆಯೇ ಕೈತಪ್ಪುತ್ತದೆ. ಬದಲಿಸಿದವನು ಯಾರೆಂದು ತಿಳಿಯಲೇಬೇಕಿತ್ತು.

ಹಾಗಾಗಿ ಶಿಷ್ಯನಿಗೆ ನಾನು ಬರೆದದ್ದು: ಯಾರ ಹೆಸರಿನಲ್ಲಿ ಕೆಲಸ ದಾಖಲಾಗುತ್ತದೆಯೋ ಆ ಪ್ರವೇಶ ಅವನೊಬ್ಬನದೇ ಆಗಿರಲಿ, ಮರೆತರೆ ಅವನೇ ತನ್ನ ಮೊಬೈಲಿನಿಂದ ಸರಿಪಡಿಸಿಕೊಳ್ಳಲಿ. ಸಂಘದ ಇ-ಮೇಲ್, ವಿದ್ಯುತ್ ಬಿಲ್ಲಿನ ಖಾತೆಯಂಥ ಸಂಸ್ಥೆಯ ಸೊತ್ತು ಮಾತ್ರ ಪೆಟ್ಟಿಗೆಯಲ್ಲಿರಲಿ. ಅವುಗಳ ಒಟಿಪಿ ಸಂಘದ ಮೊಬೈಲಿಗೇ ಬರಲಿ, ಕಾರ್ಯದರ್ಶಿಯ ಸ್ವಂತ ಸಂಖ್ಯೆಗಲ್ಲ. ಪೆಟ್ಟಿಗೆಯ ಮುಖ್ಯ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಮೊಹರು ಮಾಡಿ, ತಿಜೋರಿಯಲ್ಲಿಡಿ. ಮುಖ್ಯೋಪಾಧ್ಯಾಯರು ವರ್ಗವಾಗುವಾಗ ನಗದು ಪುಸ್ತಕ, ಬೀರುವಿನ ಕೈ ಎಂದು ಚಾರ್ಜ್ ಪಟ್ಟಿ ಬರೆದು ಇಬ್ಬರೂ ಸಹಿ ಹಾಕುತ್ತಿದ್ದರಲ್ಲ, ಆ ಪಟ್ಟಿಯಲ್ಲಿ ಈ ಲಕೋಟೆಗೂ ಒಂದು ಸಾಲು ಇರಲಿ. ಹೊಸಬರು ಸಹಿ ಹಾಕಿದ ದಿನವೇ ಪಾಸ್‌ವರ್ಡ್ ಬದಲಾಗಲಿ.