ವಾಲಂಟ್: ಎಚ್ಚರದಲ್ಲೇ ಕೈ ಶಸ್ತ್ರಚಿಕಿತ್ಸೆ

ವಾಲಂಟ್ ಎಂದರೆ ರೋಗಿ ಪೂರ್ತಿ ಎಚ್ಚರವಿರುವಾಗಲೇ, ತೋಳಿಗೆ ರಕ್ತ ತಡೆಯುವ ಪಟ್ಟಿ ಬಿಗಿಯದೆ, ಸ್ಥಳೀಯ ಅರಿವಳಿಕೆಯಲ್ಲಷ್ಟೇ ಕೈಗೆ ಮಾಡುವ ಶಸ್ತ್ರಚಿಕಿತ್ಸೆ. ಇದನ್ನು ಜನಪ್ರಿಯಗೊಳಿಸಿದವರು ಕೆನಡಾದ ಸೇಂಟ್ ಜಾನ್ ನಗರದ ಪ್ಲಾಸ್ಟಿಕ್ ಸರ್ಜನ್ ಡೊನಾಲ್ಡ್ ಲಲೋಂಡ್.

ಲಿಡೊಕೇನ್ ನೋವನ್ನು ಅಡಗಿಸುತ್ತದೆ; ಅದರೊಂದಿಗೆ ಬೆರೆಸುವ ಅಡ್ರಿನಲಿನ್ ರಕ್ತನಾಳಗಳನ್ನು ಕುಗ್ಗಿಸಿ ರಕ್ತಸ್ರಾವ ತಗ್ಗಿಸುತ್ತದೆ. ಬೆರಳಿಗೆ ಅಡ್ರಿನಲಿನ್ ಚುಚ್ಚಿದರೆ ಬೆರಳೇ ಕೊಳೆತೀತೆಂದು ವೈದ್ಯಕೀಯ ವಿದ್ಯಾರ್ಥಿಗಳು ದಶಕಗಳ ಕಾಲ ಉರುಹೊಡೆದರು. ಹಳೆಯ ಪ್ರಕರಣಗಳನ್ನು ಕೆದಕಿದಾಗ ಅನುಮಾನ ತಿರುಗಿದ್ದು ಆಗ ಬಳಸುತ್ತಿದ್ದ ಅರಿವಳಿಕೆ ಔಷಧ ಪ್ರೊಕೇನ್ ಕಡೆಗೆ. ಹಳತಾದಂತೆ ಆ ಔಷಧ ತೀರ ಆಮ್ಲೀಯವಾಗುತ್ತಿತ್ತು. ಕೈಬೆರಳಿಗೆ ಅಡ್ರಿನಲಿನ್ ಬಳಸಿದ 2005ರ ಕೆನಡಾದ ಡಾಲ್‌ಹೌಸಿ ಅಧ್ಯಯನದ 3,110 ಪ್ರಕರಣಗಳಲ್ಲಿ ಒಂದು ಬೆರಳೂ ಹೋಗಲಿಲ್ಲ. ಅಡ್ರಿನಲಿನ್ ಪರಿಣಾಮ ಇಳಿಸಬೇಕಾಗಿ ಬಂದರೆ ಫೆಂಟೊಲಮೀನ್ ಇದ್ದೇ ಇದೆ.

ಅವಸರ ಮಾತ್ರ ಸಲ್ಲದು. ಚುಚ್ಚಿದ ಮೇಲೆ ಅಡ್ರಿನಲಿನ್ ಪೂರ್ತಿ ಕೆಲಸ ಮಾಡಲು ಸುಮಾರು ಅರ್ಧ ಗಂಟೆ ಕಾಯಬೇಕು.

ತುಂಡಾದ ಸ್ನಾಯುರಜ್ಜು ಹೊಲಿಯುವಾಗ ಇದರ ನಿಜವಾದ ಲಾಭ ಕಾಣುತ್ತದೆ. ಹೊಲಿಗೆ ಮುಗಿದೊಡನೆ ವೈದ್ಯರು “ಬೆರಳು ಮಡಚಿ” ಎನ್ನುತ್ತಾರೆ, ರೋಗಿ ಮಡಚುತ್ತಾರೆ. ಎರಡು ತುದಿಗಳ ನಡುವೆ ಬಿರುಕು ಬಿಟ್ಟರೆ, ಗಂಟು ಎಲ್ಲಾದರೂ ಸಿಕ್ಕಿಕೊಂಡರೆ, ಚರ್ಮ ಮುಚ್ಚುವ ಮುನ್ನವೇ ಸರಿಪಡಿಸಬಹುದು. ಪ್ರಜ್ಞೆ ತಪ್ಪಿಸಿದ ರೋಗಿಯಿಂದ ಈ ಪರೀಕ್ಷೆ ಸಾಧ್ಯವಿಲ್ಲ.

ಮಣಿಕಟ್ಟಿನಲ್ಲಿ ಒತ್ತಿಹೋದ ನರವನ್ನು ಬಿಡಿಸುವ ಕಾರ್ಪಲ್ ಟನೆಲ್ ಶಸ್ತ್ರಚಿಕಿತ್ಸೆಗೆ ಆಪರೇಷನ್ ಥಿಯೇಟರ್ ಕೂಡ ಬೇಡ. ಸಣ್ಣ ಕೋಣೆ, ಮಾಸ್ಕ್, ಗ್ಲೌಸ್, ಪುಟ್ಟ ಶುದ್ಧ ಹೊದಿಕೆ ಸಾಕು. ಹೀಗೆ ಮಾಡಿದ 1,504 ಪ್ರಕರಣಗಳ ಕೆನಡಾದ ಅಧ್ಯಯನವೊಂದರಲ್ಲಿ (2011) ಮೇಲ್ಪದರದ ಸೋಂಕು ಕಂಡದ್ದು ಶೇಕಡಾ 0.4 ಮಾತ್ರ. ಶಸ್ತ್ರಚಿಕಿತ್ಸೆಗೆ ಮುನ್ನ ಉಪವಾಸವಿರಬೇಕಿಲ್ಲದ್ದರಿಂದ ಮಧುಮೇಹಿಗಳಿಗೆ ದೊಡ್ಡ ನಿರಾಳ. ಆದರೆ ಪುಟ್ಟ ಮಕ್ಕಳಿಗೆ, ವಿಪರೀತ ಗಾಬರಿಯವರಿಗೆ, ಬೆರಳುಗಳಿಗೆ ಮೊದಲೇ ರಕ್ತಸಂಚಾರ ಕುಂದಿರುವವರಿಗೆ ಈ ವಿಧಾನ ಹೊಂದುವುದಿಲ್ಲ.