ಗಾಂಜಾ ಪ್ರಕರಣ: ಸರ್ಕಾರಿ ನೌಕರಿಗೆ ಎಷ್ಟರ ಮಟ್ಟಿಗೆ ಅಡ್ಡಿ?

ಕುಮಾರಪಟ್ಟಣ: ತುಂಗಭದ್ರೆಯ ಈ ದಡದಲ್ಲಿ ಹಾವೇರಿ ಜಿಲ್ಲೆಯ ಕುಮಾರಪಟ್ಟಣ, ಆ ದಡದಲ್ಲಿ ದಾವಣಗೆರೆ ಜಿಲ್ಲೆಯ ಹರಿಹರ. ಸೇತುವೆ ದಾಟಿದರೆ ಠಾಣೆಯಷ್ಟೇ ಅಲ್ಲ, ಪೊಲೀಸ್ ಜಿಲ್ಲೆಯೇ ಬದಲಾಗುತ್ತದೆ. ಆದರೆ ಅಲ್ಲಿ ದಾಖಲಾದ ಪ್ರಕರಣ ಇಲ್ಲಿಯ ಪರಿಶೀಲನೆಯಲ್ಲಿ ಕಾಣಿಸದು ಎಂದು ಭಾವಿಸುವಂತಿಲ್ಲ. ಠಾಣೆಗಳ ದಾಖಲೆಗಳು ಈಗ ಗಣಕ ಜಾಲದಲ್ಲಿವೆ.

ಪೊಲೀಸ್ ಇಲಾಖೆ, ಅರೆಸೇನಾ ಪಡೆ, ಕೈಗಾ ಅಣು ವಿದ್ಯುತ್ ಸ್ಥಾವರ, ಇಸ್ರೋ, ಎಚ್‌ಎಎಲ್‌ನಂತಹ ಕಡೆ ಆಯ್ಕೆಯಾದವರ ನಡತೆ ಹಾಗೂ ಪೂರ್ವಾಪರಗಳನ್ನು ಪೊಲೀಸರ ಮೂಲಕ ಪರಿಶೀಲಿಸಲಾಗುತ್ತದೆ. ಕೇಂದ್ರ ಸರ್ಕಾರಿ ನೇಮಕಾತಿಯ 'ಅಟೆಸ್ಟೇಶನ್ ಫಾರ್ಮ್'ನಲ್ಲಿ ಹಿಂದಿನ ಐದು ವರ್ಷಗಳಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಾಸವಿದ್ದ ಎಲ್ಲ ಊರುಗಳ ವಿವರ ನೀಡಬೇಕು. ಓದಿಗಾಗಿ ಬೆಂಗಳೂರಿನಲ್ಲಿದ್ದ ಯುವಕನ ಬಗ್ಗೆ ಅಲ್ಲಿಯೂ ವಿಚಾರಣೆ ನಡೆಯಬಹುದು.

ಅಮೆರಿಕದಲ್ಲಿ ಭದ್ರತಾ ಅನುಮತಿ ಬಯಸುವವರು ಮಾದಕ ವಸ್ತು ಸೇವಿಸಿದ್ದರ ಬಗ್ಗೆಯೇ ಲಿಖಿತ ಉತ್ತರ ನೀಡಬೇಕಾಗುತ್ತದೆ. ನಮ್ಮ ನಮೂನೆ ಕೇಳುವುದು ಚಟವನ್ನಲ್ಲ, ಪ್ರಕರಣವನ್ನು: ಎಂದಾದರೂ ಬಂಧನವಾಗಿತ್ತೇ, ಮೊಕದ್ದಮೆ ನಡೆದಿತ್ತೇ, ದಂಡ ವಿಧಿಸಲಾಗಿತ್ತೇ, ಶಿಕ್ಷೆಯಾಗಿತ್ತೇ, ಪ್ರಕರಣ ಬಾಕಿ ಇದೆಯೇ? ನಮೂನೆ ಸಲ್ಲಿಸಿದ ನಂತರ ಬಂಧನವಾದರೆ ಅದನ್ನೂ ತಕ್ಷಣ ತಿಳಿಸಬೇಕು.

ದಂಡ ಕಟ್ಟಿದರೆ ಮುಗಿಯಿತೇ?

ಬಹುತೇಕರು ಎಡವುವುದು ಇಲ್ಲಿಯೇ. 1985ರ ಮಾದಕ ವಸ್ತು ನಿಯಂತ್ರಣ ಕಾಯ್ದೆಯ (ಎನ್‌ಡಿಪಿಎಸ್) 27ನೇ ಕಲಮಿನ ಪ್ರಕಾರ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕೊಕೇನ್, ಹೆರಾಯಿನ್ ಆದರೆ ಒಂದು ವರ್ಷ, 20,000 ರೂಪಾಯಿ. ನ್ಯಾಯಾಲಯಕ್ಕೆ ಅಲೆಯುವ ತಾಪತ್ರಯ ಬೇಡವೆಂದು ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದವನು ಕಾನೂನಿನ ದೃಷ್ಟಿಯಲ್ಲಿ ಅಪರಾಧಿಯೆಂದು ಸಾಬೀತಾದವನು. ಅದು ಸಂಚಾರ ನಿಯಮ ಉಲ್ಲಂಘನೆಯ ರಸೀದಿಯಂತಲ್ಲ. ಮುಂದೆ ನಮೂನೆಯಲ್ಲಿ 'ಇಲ್ಲ' ಎಂದು ಬರೆದರೆ ಅದು ಸುಳ್ಳು ಹೇಳಿಕೆಯಾಗುತ್ತದೆ.

ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ತ್ರಿಸದಸ್ಯ ಪೀಠ ನೀಡಿದ ತೀರ್ಪೇ ಇಂದಿಗೂ ಆಧಾರ. ಅಭ್ಯರ್ಥಿ ನೀಡುವ ಮಾಹಿತಿ ಸತ್ಯವಾಗಿರಬೇಕು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂತಹ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೆ ನೇಮಕಾತಿ ಪ್ರಾಧಿಕಾರ ಮನ್ನಿಸಬಹುದು. ಸತ್ಯವನ್ನೇ ಹೇಳಿದರೂ ಪೂರ್ವಾಪರ ಪರಿಗಣಿಸುವ ಹಕ್ಕು ಪ್ರಾಧಿಕಾರಕ್ಕಿದೆ, ನೌಕರಿ ಕೊಡಲೇಬೇಕೆಂದಿಲ್ಲ. ನಮೂನೆಯಲ್ಲಿ ಸ್ಪಷ್ಟವಾಗಿ ಕೇಳದ ವಿಷಯವನ್ನು ಹೇಳಲಿಲ್ಲವೆಂದು ಮಾತ್ರ ಅಭ್ಯರ್ಥಿಯನ್ನು ದೂರುವಂತಿಲ್ಲ. ರಾಜಸ್ಥಾನದ ವಿದ್ಯುತ್ ಪ್ರಸರಣ ನಿಗಮದ ಪ್ರಕರಣದಲ್ಲಿ 2021ರಲ್ಲಿ ನ್ಯಾಯಾಲಯ ಇನ್ನೂ ಕಟುವಾಗಿತ್ತು. ಸನ್ನಡತೆಯ ಮೇಲೆ ಬಿಡುಗಡೆ ದೊರೆತಿದ್ದರೂ, ಶಿಕ್ಷೆಯ ಸಂಗತಿ ಮುಚ್ಚಿಟ್ಟ ನೌಕರನ ವಜಾ ಸರಿಯೆಂದು ಅದು ಹೇಳಿತು. ಹೇಳಿದರೆ ನೌಕರಿ ಕೈತಪ್ಪಬಹುದು. ಮುಚ್ಚಿಟ್ಟರೆ ವರ್ಷಗಳ ನಂತರವೂ ಹೋಗಬಹುದು.

ಚಿಕಿತ್ಸೆ ಪಡೆದವರಿಗೆ

ಇದೇ ಕಾಯ್ದೆಯ 64ಎ ಕಲಮು ಅಷ್ಟಾಗಿ ಪರಿಚಿತವಲ್ಲ. ಸೇವನೆ ಅಥವಾ ಅಲ್ಪ ಪ್ರಮಾಣದ ಮಾದಕ ವಸ್ತುವಿನ ಆರೋಪ ಹೊತ್ತ ವ್ಯಸನಿ ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಒಳಗಾದರೆ ವಿಚಾರಣೆಯಿಂದ ವಿನಾಯಿತಿ ಪಡೆಯಲು ಅವಕಾಶವಿದೆ. ಗಾಂಜಾ ವಿಷಯದಲ್ಲಿ ಅಲ್ಪ ಪ್ರಮಾಣವೆಂದರೆ ಒಂದು ಕಿಲೋವರೆಗೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ವಿನಾಯಿತಿ ರದ್ದಾಗಬಹುದು. ಬಂಧನವಾಗಿದ್ದರೆ ಅದನ್ನು ನಮೂನೆಯಲ್ಲಿ ಹೇಳಲೇಬೇಕು; ಆದರೆ ಶಿಕ್ಷೆಯ ಕಳಂಕ ಇರುವುದಿಲ್ಲ.

ಪ್ರಕರಣವೇ ಇಲ್ಲದೆ ಚಿಕಿತ್ಸೆ ಪಡೆದವರ ವಿವರವನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಗೋಪ್ಯವಾಗಿಡುತ್ತದೆ. ವ್ಯಸನವೂ ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಬಾಲಾಪರಾಧಕ್ಕೂ ರಕ್ಷಣೆಯಿದೆ: ಹದಿನೆಂಟು ತುಂಬುವ ಮೊದಲಿನ ಇಂತಹ ಪ್ರಕರಣ 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮಿನಂತೆ ಅನರ್ಹತೆಗೆ ಕಾರಣವಾಗದು.

ಈ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಸರ್ಕಾರಿ ಚಿಕಿತ್ಸಾ ಕೇಂದ್ರ. ವ್ಯಸನಮುಕ್ತಿಯ ರಾಷ್ಟ್ರೀಯ ಉಚಿತ ಸಹಾಯವಾಣಿ ಸಂಖ್ಯೆ 14446.