‘ಎಷ್ಟು?’ ಎಂದು ಕೇಳಿದವರು, ‘ಏಕೆ?’ ಎಂದು ಕೇಳಿದವರು

ಎಪ್ಪಿಂಗ್ ಎಂಬ ಹೆಸರಿನ ಬಡಾವಣೆ ಸಿಡ್ನಿಯಲ್ಲೂ ಇದೆ, ಮೆಲ್ಬರ್ನ್‌ನಲ್ಲೂ ಇದೆ. ಅಲ್ಲಿಗೆ ಹೋಗಿ ನೆಲೆಸಿರುವ ನಮ್ಮವರಲ್ಲಿ ಅನೇಕರಿಗೆ ಆ ನೆಲದ ಒಂದು ಹಳೆಯ ಕಾನೂನು ಗೊತ್ತಿರಲಾರದು. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಎರಡೂ ರಾಜ್ಯಗಳಲ್ಲಿ ಮದ್ಯದಂಗಡಿಗಳನ್ನು ಸಂಜೆ ಆರಕ್ಕೇ ಮುಚ್ಚಬೇಕೆಂದಾಯಿತು. ಫಲವೇನು? ಕೆಲಸ ಬಿಟ್ಟು ಬಂದವರು ಬಾಗಿಲು ಹಾಕುವ ಮುನ್ನ ಗಟಗಟನೆ ಕುಡಿಯತೊಡಗಿದರು. ಸಿಡ್ನಿಯಲ್ಲಿ 1955ರವರೆಗೆ, ಮೆಲ್ಬರ್ನ್‌ನಲ್ಲಿ 1966ರವರೆಗೆ ಇದೇ ನಡೆಯಿತು. ಕಾನೂನು ಗಡಿಯಾರ ನೋಡಿತು, ಮನಸ್ಸನ್ನು ನೋಡಲಿಲ್ಲ.

ಮುಂದೆ ವೈದ್ಯರು ಅಳೆಯಲು ಹೊರಟರು. ಸಿಡ್ನಿಯ ಜಾನ್ ಸಾಂಡರ್ಸ್ ಮತ್ತು ಸಂಗಡಿಗರು ವಿಶ್ವ ಆರೋಗ್ಯ ಸಂಸ್ಥೆಗಾಗಿ ಆರು ದೇಶಗಳಲ್ಲಿ ಪರೀಕ್ಷಿಸಿ ಸಿದ್ಧಪಡಿಸಿದ ‘ಆಡಿಟ್’ ಪ್ರಶ್ನಾವಳಿ 1993ರಲ್ಲಿ ಪ್ರಕಟವಾಯಿತು. ಹತ್ತು ಪ್ರಶ್ನೆ, ನಲವತ್ತು ಅಂಕ. ಎಂಟು ಮುಟ್ಟಿದರೆ ಎಚ್ಚರಿಕೆ. ಎಷ್ಟು, ಎಷ್ಟು ಸಲ, ಏನು ಹಾನಿ ಎಂಬುದು ಅದರಿಂದ ತಿಳಿಯುತ್ತದೆ.

ಏಕೆ ಎಂಬುದನ್ನು ಅಳೆದವರು ಅಮೆರಿಕದ ಲಿನ್ ಕೂಪರ್. 1988ರಲ್ಲಿ ಕಾಕ್ಸ್ ಮತ್ತು ಕ್ಲಿಂಗರ್ ಮಂಡಿಸಿದ್ದ ಸಿದ್ಧಾಂತವನ್ನು ಆಧರಿಸಿ, 1994ರಲ್ಲಿ ಅವರು ಇಪ್ಪತ್ತು ಹೇಳಿಕೆಗಳ ಪಟ್ಟಿ ಪ್ರಕಟಿಸಿದರು. ಕಾರಣಗಳು ನಾಲ್ಕು: ಜೊತೆಗೂಡಿ ನಲಿಯಲು, ಮತ್ತಿನ ಸುಖಕ್ಕೆ, ದುಃಖ ಮರೆಯಲು, ಗೆಳೆಯರ ಗುಂಪಿನಿಂದ ಹೊರಗುಳಿಯದಿರಲು. ಪ್ರತಿಯೊಂದಕ್ಕೂ ಐದು ಹೇಳಿಕೆ. ದುಃಖ ಮರೆಯಲು ಕುಡಿಯುವವರಿಗೆ ತೊಂದರೆ ಹೆಚ್ಚು, ಅದು ಕುಡಿದ ಪ್ರಮಾಣದಿಂದಷ್ಟೇ ಬಂದದ್ದಲ್ಲ ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ.

ನಮ್ಮ ನಾಡಿಗೂ ಈ ಪಾಠ ಹೊಸದಲ್ಲ. ಜಿ.ಪಿ. ರಾಜರತ್ನಂ ಅವರು ಕುಡುಕ ರತ್ನನ ಬಾಯಲ್ಲೇ ಅವನ ಮನಸ್ಸನ್ನು ಆಡಿಸಿದ್ದರು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಕುಡಿಯುವ ಕಾರಣಗಳು ನಿಲ್ಲಲಿಲ್ಲ.

ಔಷಧ ಕೊಡುವ ಕಿಟಕಿಯಲ್ಲಿ ನಾವೂ “ಕುಡಿಯುತ್ತೀರಾ?” ಎಂದು ಕೇಳುತ್ತೇವೆ. ನಮ್ಮವರು ಥಟ್ಟನೆ “ಇಲ್ಲ” ಎನ್ನುತ್ತಾರೆ, ಮರ್ಯಾದೆಯ ಪ್ರಶ್ನೆ. ಮದ್ಯದ ಸೆಳೆತ ತಗ್ಗಿಸುವ ನಾಲ್ಟ್ರೆಕ್ಸೋನ್ ಮಾತ್ರೆಯಿದೆ. ಪರದೇಶದ ಕೋಣೆಯ ಒಂಟಿತನಕ್ಕೆ ಮಾತ್ರೆ ನಮ್ಮ ಕಪಾಟಿನಲ್ಲಿಲ್ಲ. ಅಳತೆಯ ಪಟ್ಟಿ ವೈದ್ಯರ ಕೈಯಲ್ಲಿರಲಿ. ಎಪ್ಪಿಂಗ್‌ನಲ್ಲಿರುವ ತಮ್ಮನಿಗೋ, ಇಲ್ಲೇ ಪಕ್ಕದ ಕೋಣೆಯ ಗೆಳೆಯನಿಗೋ “ಎಷ್ಟು ಕುಡೀತೀಯೋ?” ಎಂದು ಗದರುವ ಮೊದಲು “ಏನಾಯ್ತಪ್ಪಾ?” ಎಂದು ಕೇಳುವುದು ಮಾತ್ರ ನಮ್ಮೆಲ್ಲರ ಕೈಯಲ್ಲಿದೆ.